ಬಿಬಿಎ ಮೊದಲ ವರ್ಷ: ಒಂದು ಟೀ ಅಂಗಡಿ ಹಿಡ್ಕೊಂಡು ಸಿಲಬಸ್ ಓದೋದು ಹೇಗೆ

"ಪಿಯುಸಿವರೆಗೂ ಕನ್ನಡ ಮಾಧ್ಯಮ. ಈಗ ಬಿಬಿಎ ಸೇರಿದ್ದೀನಿ. ಕ್ಲಾಸಲ್ಲಿ ಹೇಳೋದು ಕಿವಿಗೆ ಬೀಳುತ್ತೆ, ತಲೆಗೆ ಹೋಗಲ್ಲ. ಯಾವ ಗೈಡ್ ತಗೊಳ್ಳಲಿ?"

ಕಾಲೇಜು ಶುರುವಾಗಿ ಒಂದು ತಿಂಗಳಾಗುವಷ್ಟರಲ್ಲಿ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷ. ಪಿಯುಸಿಯಲ್ಲಿ ಸೈನ್ಸ್ ಮಾಡಿ ಈ ಕಡೆ ಬಂದವರೂ ಕೇಳುತ್ತಾರೆ, ಬಿ.ಕಾಂ.ನವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಬರೆದು ಸಾಕಾಯಿತು, ಹಾಗಾಗಿ ಒಂದೇ ಸಲ ಇಲ್ಲಿ ಹೇಳಿಬಿಡುತ್ತೇನೆ. ಗೈಡ್ ಆಮೇಲೆ ನೋಡೋಣ. ಮೊದಲು ಒಂದು ಅಂಗಡಿ ಹಿಡಿಯಿರಿ.

ಮೊದಲ ವರ್ಷದಲ್ಲಿ ಪದಗಳು ಹೊಸವು, ವಿಷಯ ಹೊಸದಲ್ಲ. ಮನೆಯಲ್ಲಿ ಕಿರಾಣಿ ಅಂಗಡಿ ನೋಡಿಕೊಂಡು ಬೆಳೆದ ಹುಡುಗನಿಗೆ 'ವರ್ಕಿಂಗ್ ಕ್ಯಾಪಿಟಲ್' ಅಂದರೆ ಗೊತ್ತಿರದೇ ಇರಬಹುದು. ಆದರೆ ಹಬ್ಬದ ಮುಂಚೆ ಮಾಲು ತುಂಬಿಸಲು ಕೈಯಲ್ಲಿ ದುಡ್ಡಿಲ್ಲದೆ ಅಪ್ಪ ಒದ್ದಾಡಿದ್ದು ಗೊತ್ತಿರುತ್ತದೆ. ದಿನದಿನದ ವ್ಯಾಪಾರ ನಡೆಸಲು ಬೇಕಾದ ಆ ದುಡ್ಡೇ ಇದು. ಪದವನ್ನು ಆ ಒದ್ದಾಟಕ್ಕೆ ಕಟ್ಟಿಹಾಕಿದರೆ ಆಮೇಲೆ ಮರೆಯುವುದಿಲ್ಲ.

ಬೇಕಾದದ್ದು ಇಷ್ಟು: ನಿಮ್ಮ ವಿಶ್ವವಿದ್ಯಾಲಯದ ಸಿಲಬಸ್ ಪ್ರತಿ, ಇನ್ನೂರು ಪುಟದ ಒಂದು ನೋಟ್‌ಬುಕ್, ವಾರಕ್ಕೆ ಎರಡು ಗಂಟೆ, ಮತ್ತು ಕಾಲೇಜಿನ ಹತ್ತಿರ ಒಂದು ಸಣ್ಣ ಅಂಗಡಿ. ನಾನು ಟೀ ಅಂಗಡಿ ಇಟ್ಟುಕೊಂಡು ಹೇಳುತ್ತೇನೆ. ನೀವು ಜೆರಾಕ್ಸ್ ಅಂಗಡಿ, ಬೇಕರಿ, ಹೂವಿನ ಅಂಗಡಿ ಯಾವುದನ್ನಾದರೂ ಹಿಡಿಯಬಹುದು.

1. ಮೊದಲು ಸಿಲಬಸ್ ಪ್ರಿಂಟ್ ತೆಗೆಸಿ

ಇದನ್ನು ಅರ್ಧ ಜನ ಮಾಡುವುದೇ ಇಲ್ಲ. ಸೀನಿಯರ್ ಕೊಟ್ಟ ನೋಟ್ಸ್ ಓದುತ್ತಾರೆ. ಕರ್ನಾಟಕದಲ್ಲಿ 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪ್ರಕಾರ ಪದವಿ ಸಿಲಬಸ್ ಬದಲಾಯಿತು. 2024-25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದರು, ಸಿಲಬಸ್ ಇನ್ನೊಮ್ಮೆ ಬದಲಾಯಿತು. ಹಾಗಾಗಿ ಮೂರು ವರ್ಷ ಹಿಂದಿನ ನೋಟ್ಸ್‌ನಲ್ಲಿ ನಿಮಗೆ ಇಲ್ಲದ ಪಾಠ ಇರಬಹುದು, ನಿಮಗೆ ಇರುವ ಪಾಠ ಇಲ್ಲದಿರಬಹುದು. ಸಿಲಬಸ್ ಪ್ರತಿ ಇಟ್ಟುಕೊಂಡು ಒಂದೊಂದೇ ಅಧ್ಯಾಯ ಹೊಂದಿಸಿ ನೋಡಿ, ಹೊಂದದ್ದನ್ನು ಪಕ್ಕಕ್ಕಿಡಿ.

ನೋಟ್‌ಬುಕ್‌ನ ಪುಟದಲ್ಲಿ ಎರಡು ಗೆರೆ ಎಳೆದು ಮೂರು ಕಾಲಂ ಮಾಡಿ. ಮೊದಲನೆಯದರಲ್ಲಿ ಪುಸ್ತಕದ ಪದ. ಎರಡನೆಯದರಲ್ಲಿ ಅದರ ಅರ್ಥ, ನಿಮ್ಮ ಮಾತಿನಲ್ಲಿ, ಅಜ್ಜಿಗೆ ಹೇಳುವ ಹಾಗೆ. ಮೂರನೆಯದು ಅಂಗಡಿಯಲ್ಲಿ ಅದು ಕಂಡದ್ದೆಲ್ಲಿ. ಮೂರನೇ ಕಾಲಂ ಖಾಲಿ ಉಳಿದರೆ ಆ ಪದ ನಿಮಗೆ ಇನ್ನೂ ಬಂದಿಲ್ಲ ಅಂತಲೇ ಲೆಕ್ಕ.

2. ಅಂಗಡಿ ಆರಿಸಿ, ಆದರೆ ಹುಷಾರಾಗಿ ಕೇಳಿ

ದೊಡ್ಡ ಕಂಪನಿ ಬೇಡ. ಪ್ರಾಜೆಕ್ಟ್ ಅಂದ ಕೂಡಲೇ ಎಲ್ಲರೂ ಇನ್ಫೋಸಿಸ್, ಟಾಟಾ ಅಂತ ಬರೆಯುತ್ತಾರೆ. ಗೂಗಲ್‌ನಲ್ಲಿ ಸಿಕ್ಕಿದ್ದನ್ನು ನಕಲು ಮಾಡುವುದು ಬಿಟ್ಟು ಅಲ್ಲಿ ಬೇರೇನೂ ಆಗುವುದಿಲ್ಲ. ಮೂರು-ನಾಲ್ಕು ಜನ ಕೆಲಸ ಮಾಡುವ, ಓನರ್ ತಾವೇ ಗಲ್ಲಾದಲ್ಲಿ ಕೂರುವ ಜಾಗ ಸಾಕು. ಒಬ್ಬರೇ ಎಲ್ಲ ಮಾಡುವ ತಳ್ಳುಗಾಡಿ ಆದರೆ 'ಆರ್ಗನೈಸಿಂಗ್' ತೋರಿಸಲು ಏನೂ ಸಿಗುವುದಿಲ್ಲ.

ಬೆಳಿಗ್ಗೆ ಎಂಟು-ಒಂಬತ್ತಕ್ಕೆ ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಂಜೆ ಟೀ ಶುರುವಾಗುವ ಮುಂಚೆ ಒಂದು ಗಂಟೆ ಬಿಡುವಿರುತ್ತದೆ, ಆಗ ಹೋಗಿ. ಟೀ ಕುಡಿಯಿರಿ, ದುಡ್ಡು ಕೊಡಿ, ಆಮೇಲೆ ಮಾತು. ಮೊದಲನೇ ದಿನವೇ "ಅಣ್ಣಾ, ದಿನಕ್ಕೆ ಎಷ್ಟು ವ್ಯಾಪಾರ?" ಅಂತ ಕೇಳಲೇಬೇಡಿ. ನಾನು ಕೇಳಿದ್ದೆ. "ಯಾವ ಡಿಪಾರ್ಟ್‌ಮೆಂಟಪ್ಪಾ ನೀನು?" ಅಂತ ಎದ್ದು ನಿಂತಿದ್ದರು. ಲಾಭದ ವಿಷಯ ಬಿಟ್ಟು ಕೆಲಸದ ವಿಷಯ ಕೇಳಿ. "ಹಾಲು ಎಷ್ಟು ಗಂಟೆಗೆ ಬರುತ್ತೆ? ಹುಡುಗ ರಜಾ ಹಾಕಿದ್ರೆ ಏನ್ಮಾಡ್ತೀರಿ? ಮಳೆ ಬಂದ ದಿನ ಹಾಲು ಕಮ್ಮಿ ಹೇಳ್ತೀರಾ?" ಇಂಥದ್ದಕ್ಕೆ ಯಾರಾದರೂ ಖುಷಿಯಿಂದ ಹೇಳುತ್ತಾರೆ, ಕೇಳುವವರೇ ಸಿಗುವುದಿಲ್ಲ ಅವರಿಗೆ. ಮತ್ತೆ, ಕಾಲೇಜಿಗೆ ಬರೆಯುವಾಗ ಅಂಗಡಿಯ ಹೆಸರು ಹಾಕಬೇಕಾದರೆ ಒಪ್ಪಿಗೆ ಕೇಳಿ.

3. ಮ್ಯಾನೇಜ್‌ಮೆಂಟಿನ ಐದು ಕೆಲಸಗಳನ್ನು ಕಣ್ಣಾರೆ ನೋಡಿ

ಪ್ಲಾನಿಂಗ್, ಆರ್ಗನೈಸಿಂಗ್, ಸ್ಟಾಫಿಂಗ್, ಡೈರೆಕ್ಟಿಂಗ್, ಕಂಟ್ರೋಲಿಂಗ್. ಈ ಐದನ್ನು ಉರು ಹೊಡೆಯದ ಬಿಬಿಎ ವಿದ್ಯಾರ್ಥಿ ಇಲ್ಲ.

ನಾಳೆ ಶನಿವಾರ, ಕಾಲೇಜು ಅರ್ಧ ದಿನ, ಹಾಲು ಎರಡು ಲೀಟರ್ ಕಮ್ಮಿ ಸಾಕು ಅಂತ ಓನರ್ ಇವತ್ತು ರಾತ್ರಿ ಫೋನ್ ಮಾಡುತ್ತಾರಲ್ಲ, ಅದು ಪ್ಲಾನಿಂಗ್. ಟೀ ಮಾಡುವವರು ಬೇರೆ, ಲೋಟ ಎತ್ತುವವರು ಬೇರೆ, ಗಲ್ಲಾ ಬೇರೆ ಅಂತ ಕೆಲಸ ಹಂಚಿದ್ದು ಆರ್ಗನೈಸಿಂಗ್. ಹಬ್ಬಕ್ಕೆ ಊರಿಗೆ ಹೋದ ಹುಡುಗ ವಾಪಸ್ ಬರಲಿಲ್ಲ, ಅವನ ಜಾಗಕ್ಕೆ ಇನ್ನೊಬ್ಬನನ್ನು ಹುಡುಕಿ, ನಾಲ್ಕು ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದು ಸ್ಟಾಫಿಂಗ್. "ಬೇಗ ಬೇಗ, ಆ ಟೇಬಲ್ ಒರೆಸು" ಅನ್ನುವುದು ಡೈರೆಕ್ಟಿಂಗ್. ಬೈಯುವುದೂ ಅದೇ, ಹೊಗಳುವುದೂ ಅದೇ.

ಕಂಟ್ರೋಲಿಂಗ್ ಹತ್ತಿರ ಎಲ್ಲರೂ ಎಡವುತ್ತಾರೆ. ಅದು ಜನರನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದಲ್ಲ. ಒಂದು ಲೀಟರ್ ಹಾಲಿಗೆ ಇಷ್ಟು ಟೀ ಬರಬೇಕು ಅಂತ ಓನರ್ ತಲೆಯಲ್ಲಿ ಒಂದು ಅಳತೆ ಇರುತ್ತದೆ. ರಾತ್ರಿ ಗಲ್ಲಾ ಎಣಿಸಿದಾಗ ಆ ಅಳತೆಗೆ ಇಪ್ಪತ್ತು ಟೀ ಕಮ್ಮಿ ಬಿತ್ತು. ಯಾಕೆ? ಹಾಲು ಉಕ್ಕಿತಾ, ಲೋಟಕ್ಕೆ ಜಾಸ್ತಿ ಸುರಿದನಾ, ಉದ್ರಿ ಬರೆಯುವುದು ಮರೆತುಹೋಯಿತಾ? ಕಾರಣ ಹುಡುಕಿ ಮರುದಿನ ಸರಿ ಮಾಡುತ್ತಾರೆ. ಅಳತೆ ಇಡುವುದು, ಆದದ್ದನ್ನು ಎಣಿಸುವುದು, ಎರಡನ್ನೂ ಹೋಲಿಸುವುದು, ತಿದ್ದುವುದು. ಪುಸ್ತಕದಲ್ಲಿ ಕಂಟ್ರೋಲಿಂಗ್‌ನ ಹಂತಗಳು ಅಂತ ಕೊಟ್ಟಿರುವುದು ಇದನ್ನೇ.

ಆರ್ಗನೈಸಿಂಗ್ ಇನ್ನೂ ಚೆನ್ನಾಗಿ ನೋಡಬೇಕಾದರೆ ಒಂದು ದರ್ಶಿನಿಗೆ ಹೋಗಿ ಮೂಲೆಯಲ್ಲಿ ನಿಲ್ಲಿ. 1980ರ ದಶಕದಲ್ಲಿ ಬೆಂಗಳೂರಿನ ಜಯನಗರದಲ್ಲಿ ಶುರುವಾದ ಮಾದರಿ ಇದು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಮೊದಲು ಬಿಲ್, ಆಮೇಲೆ ತಿಂಡಿ. ದೋಸೆ ಕಲ್ಲಿನ ಮುಂದೆ ಇರುವವರು ದುಡ್ಡು ಮುಟ್ಟುವುದಿಲ್ಲ, ಗಲ್ಲಾದವರು ದೋಸೆ ಮುಟ್ಟುವುದಿಲ್ಲ. ಕೂರಲು ಜಾಗ ಇಲ್ಲದ ಕಾರಣ ಹತ್ತು ನಿಮಿಷಕ್ಕೆ ಜನ ಖಾಲಿ, ಅದೇ ಜಾಗದಲ್ಲಿ ಇನ್ನೊಬ್ಬರು. ಬಾಡಿಗೆ ಅಷ್ಟೇ, ವ್ಯಾಪಾರ ಎರಡು ಪಟ್ಟು. 'ಡಿವಿಷನ್ ಆಫ್ ವರ್ಕ್' ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಅಲ್ಲಿಗೇ ಕರೆದುಕೊಂಡು ಹೋಗುವುದು.

ಪರೀಕ್ಷೆಯಲ್ಲಿ ಅಂಕ ಹೋಗುವ ಜಾಗ: ಮ್ಯಾನೇಜ್‌ಮೆಂಟ್ ಚಿಂತಕ ಹೆನ್ರಿ ಫಯೋಲ್ ಹೇಳಿದ ಐದು ಕೆಲಸ ಯಾವುವು ಅಂತ ಕೇಳಿದರೆ ಮೇಲಿನ ಐದನ್ನು ಬರೆಯಬೇಡಿ. ಫಯೋಲ್ ಪಟ್ಟಿಯಲ್ಲಿ ಸ್ಟಾಫಿಂಗ್ ಇಲ್ಲ. ಅವರದ್ದು ಪ್ಲಾನಿಂಗ್, ಆರ್ಗನೈಸಿಂಗ್, ಕಮ್ಯಾಂಡಿಂಗ್, ಕೋಆರ್ಡಿನೇಟಿಂಗ್, ಕಂಟ್ರೋಲಿಂಗ್. ಸ್ಟಾಫಿಂಗ್ ಇರುವ ಮೇಲಿನ ಐದರ ಪಟ್ಟಿ ಆಮೇಲೆ ಕೂಂಟ್ಸ್ ಮತ್ತು ಓಡೊನೆಲ್ ಎಂಬ ಲೇಖಕರಿಂದ ಬಂದದ್ದು.

4. ಫಯೋಲ್, ಟೇಲರ್, ಮೇಯೋ: ಹೆಸರಿಗಿಂತ ಕೆಲಸ ನೆನಪಿಡಿ

ಫಯೋಲ್ ಫ್ರಾನ್ಸಿನ ಗಣಿ ಎಂಜಿನಿಯರ್, ಕಂಪನಿ ನಡೆಸಿದವರು. ಮೇಲೆ ಕೂತು ಇಡೀ ಸಂಸ್ಥೆ ನೋಡಿದರು, 1916ರಲ್ಲಿ ಮ್ಯಾನೇಜ್‌ಮೆಂಟಿನ 14 ತತ್ವ ಬರೆದರು. ಟೇಲರ್ ಅಮೆರಿಕದವರು, ಕಾರ್ಖಾನೆಯಲ್ಲಿ ಕೆಲಸಗಾರನ ಪಕ್ಕ ನಿಂತು ಗಡಿಯಾರ ಹಿಡಿದು ಒಂದೊಂದು ಕೆಲಸಕ್ಕೂ ಎಷ್ಟು ಹೊತ್ತು ಬೇಕು ಅಂತ ಅಳೆದವರು, ಅವರ ಪುಸ್ತಕ 1911ರದ್ದು. ಎಲ್ಟನ್ ಮೇಯೋ ಹೆಸರು ಬರುವುದು ಷಿಕಾಗೊ ಹತ್ತಿರದ ಹಾಥಾರ್ನ್ ಕಾರ್ಖಾನೆಯ ಪ್ರಯೋಗಗಳಿಂದ, 1924ರಿಂದ 1932. ಅಲ್ಲಿ ಬೆಳಕು ಜಾಸ್ತಿ ಮಾಡಿದರೂ ಕೆಲಸ ಹೆಚ್ಚಿತು, ಕಮ್ಮಿ ಮಾಡಿದರೂ ಹೆಚ್ಚಿತು. ನಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಅನ್ನುವುದೇ ಒಂದು ಕಾರಣ ಅಂತ ಆಮೇಲೆ ವಿವರಿಸಿದರು. ಟೀ ಅಂಗಡಿಯಲ್ಲಿ ನೀವು ನೋಟ್‌ಬುಕ್ ಹಿಡಿದು ಕೂತ ದಿನ ಹುಡುಗ ಜಾಸ್ತಿ ಚುರುಕಾಗಿ ಓಡಾಡುವುದನ್ನು ನೋಡಿ, ಅರ್ಥವಾಗುತ್ತದೆ.

ಫಯೋಲ್ ಅವರ 14 ತತ್ವಗಳಲ್ಲಿ ಹನ್ನೆರಡು ಸಲೀಸು. ಗೊಂದಲ ಒಂದು ಜೋಡಿಯಲ್ಲಿ. 'ಯೂನಿಟಿ ಆಫ್ ಕಮ್ಯಾಂಡ್' ಅಂದರೆ ಒಬ್ಬ ಕೆಲಸಗಾರನಿಗೆ ಹೇಳುವವರು ಒಬ್ಬರೇ ಇರಬೇಕು. ಓನರ್ "ಪಾತ್ರೆ ತೊಳಿ" ಅಂತಾರೆ, ಅದೇ ಹೊತ್ತಿಗೆ ಅವರ ತಮ್ಮ "ಸಕ್ಕರೆ ತಗೊಂಡು ಬಾ" ಅಂತಾರೆ, ಹುಡುಗ ಇಬ್ಬರ ಕೈಲೂ ಬೈಸಿಕೊಳ್ಳುತ್ತಾನೆ, ಅಲ್ಲಿ ಈ ತತ್ವ ಮುರಿದಿದೆ. 'ಯೂನಿಟಿ ಆಫ್ ಡೈರೆಕ್ಷನ್' ಅಂದರೆ ಒಂದೇ ಗುರಿಯ ಕೆಲಸಗಳಿಗೆಲ್ಲ ಒಂದೇ ಯೋಜನೆ, ಒಬ್ಬರೇ ಮುಖ್ಯಸ್ಥರು. ಮೊದಲನೆಯದು ಮನುಷ್ಯನ ಬಗ್ಗೆ, ಎರಡನೆಯದು ಕೆಲಸದ ಬಗ್ಗೆ.

5. ಅಂಗಡಿ ಯಾರದ್ದು?

ಮಾಲೀಕತ್ವದ ಪಾಠದಲ್ಲಿ ಒಂದೇ ಪ್ರಶ್ನೆ ಹಿಡಿದುಕೊಳ್ಳಿ: ಅಂಗಡಿ ಮುಳುಗಿದರೆ ಸಾಲದವರು ಯಾರ ಮನೆ ಬಾಗಿಲಿಗೆ ಬರುತ್ತಾರೆ? ಒಬ್ಬರೇ ಮಾಲೀಕರಾದರೆ ಅವರ ಮನೆಗೇ. ಅಂಗಡಿಯ ಸಾಲಕ್ಕೆ ಅವರ ಸ್ವಂತ ಬೈಕು, ಸೈಟು ಎಲ್ಲ ಹೋಗಬಹುದು. 'ಅನ್‌ಲಿಮಿಟೆಡ್ ಲಯಬಿಲಿಟಿ' ಅಂದರೆ ಇದು. ಪಾಲುದಾರಿಕೆಯಲ್ಲೂ ಹಾಗೇ, ಇನ್ನೂ ಒಂದು ಕೈ ಮುಂದೆ: ಪಾಲುದಾರ ಮಾಡಿದ ಸಾಲಕ್ಕೆ ನೀವೂ ಹೊಣೆ. ಇದಕ್ಕೆ 1932ರ ಕಾಯಿದೆ ಇದೆ, ಕನಿಷ್ಠ 2 ಜನ, ಗರಿಷ್ಠ 50. ನೋಂದಣಿ ಕಡ್ಡಾಯ ಅಲ್ಲ, ಆದರೆ ಮಾಡಿಸದಿದ್ದರೆ ಬಾಕಿ ವಸೂಲಿಗೆ ಕೋರ್ಟಿಗೆ ಹೋಗುವುದು ಕಷ್ಟ. ಎಲ್‌ಎಲ್‌ಪಿ (ಲಿಮಿಟೆಡ್ ಲಯಬಿಲಿಟಿ ಪಾರ್ಟ್‌ನರ್‌ಶಿಪ್, ಸೀಮಿತ ಹೊಣೆಯ ಪಾಲುದಾರಿಕೆ) 2008ರ ಕಾಯಿದೆಯಿಂದ ಬಂತು, ಅಲ್ಲಿ ಸಾಮಾನ್ಯವಾಗಿ ನೀವು ಹಾಕಿದ ದುಡ್ಡಿನ ಮಟ್ಟಿಗೆ ಮಾತ್ರ ಹೊಣೆ. ಪ್ರೈವೇಟ್ ಲಿಮಿಟೆಡ್‌ಗೆ 2ರಿಂದ 200 ಸದಸ್ಯರು, ಪಬ್ಲಿಕ್ ಲಿಮಿಟೆಡ್‌ಗೆ ಕನಿಷ್ಠ 7, ಮೇಲೆ ಮಿತಿ ಇಲ್ಲ. ಒಬ್ಬರೇ ಕಂಪನಿ ಮಾಡಲು 2013ರ ಕಂಪನಿ ಕಾಯಿದೆಯಲ್ಲಿ ದಾರಿ ಕೊಟ್ಟರು.

ಅತಿ ಹೆಚ್ಚು ನೋಡುವ ತಪ್ಪು: 'ಪಬ್ಲಿಕ್ ಲಿಮಿಟೆಡ್ ಅಂದರೆ ಸರ್ಕಾರಿ ಕಂಪನಿ' ಅಂತ ಬರೆಯುವುದು. ಅಲ್ಲ. ಇನ್ಫೋಸಿಸ್ ಪಬ್ಲಿಕ್ ಲಿಮಿಟೆಡ್ ಕಂಪನಿ, ಆದರೆ ಖಾಸಗಿ ವಲಯದ್ದು. ಮೈಸೂರು ಸ್ಯಾಂಡಲ್ ಸೋಪ್ ಮಾಡುವುದು ಕರ್ನಾಟಕ ಸರ್ಕಾರದ ಕಂಪನಿ, ಅದು ಸಾರ್ವಜನಿಕ ವಲಯ. ಷೇರು ಯಾರು ಬೇಕಾದರೂ ಕೊಳ್ಳಬಹುದಾ ಅನ್ನುವುದು ಒಂದು ಪ್ರಶ್ನೆ, ಮಾಲೀಕರು ಸರ್ಕಾರವಾ ಅನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಕಲಸಬೇಡಿ.

ಸಹಕಾರ ಸಂಘಕ್ಕೆ ಉದಾಹರಣೆ ಹುಡುಕಿಕೊಂಡು ಹೋಗುವುದೇ ಬೇಡ, ಟೀ ಅಂಗಡಿಯ ಹಾಲಿನ ಪ್ಯಾಕೆಟ್ ತಿರುಗಿಸಿ ನೋಡಿ. ನಂದಿನಿ ಹಾಲಿನ ಹಿಂದೆ ಹಳ್ಳಿಯ ಹಾಲು ಉತ್ಪಾದಕರ ಸಂಘ, ಅದರ ಮೇಲೆ ಜಿಲ್ಲಾ ಮಟ್ಟದ ಒಕ್ಕೂಟ, ಎಲ್ಲಕ್ಕೂ ಮೇಲೆ ಕೆಎಂಎಫ್ (ಕರ್ನಾಟಕ ಹಾಲು ಮಹಾಮಂಡಳ), ಹೀಗೆ ಮೂರು ಮೆಟ್ಟಿಲು. ಸಹಕಾರದ ವಿಷಯದಲ್ಲಿ ನಮ್ಮವರು ಬೇಗ ಎದ್ದವರು. 1904ರಲ್ಲಿ ಕಾಯಿದೆ ಬಂತು, ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಂಘ ಶುರುವಾಯಿತು. ಕಂಪನಿಯಲ್ಲಿ ಸಾಮಾನ್ಯವಾಗಿ ಒಂದು ಷೇರಿಗೆ ಒಂದು ಮತ, ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದು ಮತ. ಈ ಒಂದು ವ್ಯತ್ಯಾಸ ಬರೆದರೆ ಉತ್ತರ ಅರ್ಧ ಗೆದ್ದ ಹಾಗೆ.

6. ಈಗ ದುಡ್ಡಿನ ಲೆಕ್ಕ, ನಿಧಾನವಾಗಿ

"ಬಂಡವಾಳ ಓನರ್ ಹಾಕಿದ ದುಡ್ಡು, ಅದು ಯಾಕೆ ಹೊಣೆಯ ಕಡೆ ಬರುತ್ತೆ?" ಅಕೌಂಟ್ಸ್‌ನಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಒಳ್ಳೆ ಪ್ರಶ್ನೆ ಕೂಡ. ಅಂಗಡಿ ಬೇರೆ, ಓನರ್ ಬೇರೆ ಅಂತ ಲೆಕ್ಕದಲ್ಲಿ ಇಬ್ಬರು ವ್ಯಕ್ತಿಗಳನ್ನು ಮಾಡಿಕೊಳ್ಳಿ. ಓನರ್ 1,00,000 ರೂಪಾಯಿ ಅಂಗಡಿಗೆ ಕೊಟ್ಟರು, ಸಹಕಾರ ಸಂಘದಿಂದ 50,000 ಸಾಲ ಬಂತು. ಅಂಗಡಿ ಈಗ ಇಬ್ಬರಿಗೂ ಕೊಡಬೇಕು, ಸಂಘಕ್ಕೂ, ಓನರ್‌ಗೂ. ಆ 1,50,000 ಎಲ್ಲಿ ಹೋಯಿತು? ಕಟ್ಟಡದ ಮಾಲೀಕರಿಗೆ ಅಡ್ವಾನ್ಸ್ 60,000, ಒಲೆ-ಪಾತ್ರೆ 55,000, ಸಕ್ಕರೆ-ಟೀಪುಡಿ ದಾಸ್ತಾನು 10,000, ಗಲ್ಲಾದಲ್ಲಿ 25,000. ಕೂಡಿಸಿ, 1,50,000. ಎರಡೂ ಕಡೆ ಸಮ. ಬ್ಯಾಲೆನ್ಸ್ ಶೀಟ್ ಅಂದರೆ ಇಷ್ಟೇ: ಒಂದು ಕಡೆ ದುಡ್ಡು ಯಾರದ್ದು, ಇನ್ನೊಂದು ಕಡೆ ಈಗ ಎಲ್ಲಿದೆ.

ಬಾಡಿಗೆ ಅಂಗಡಿಯ ಅಡ್ವಾನ್ಸ್ ಅನ್ನು ಖರ್ಚಿಗೆ ಬರೆಯಬೇಡಿ. ಅದು ವಾಪಸ್ ಬರುವ ದುಡ್ಡು, ಆಸ್ತಿ. ತಿಂಗಳ ಬಾಡಿಗೆ ಖರ್ಚು. ಹಾಗೇ, ಓನರ್ ಗಲ್ಲಾದಿಂದ ಮನೆ ತರಕಾರಿಗೆ ಐನೂರು ತೆಗೆದರೆ ಅದು ಅಂಗಡಿಯ ಖರ್ಚಲ್ಲ, 'ಡ್ರಾಯಿಂಗ್ಸ್', ಬಂಡವಾಳದಿಂದ ಕಳೆಯಬೇಕು.

ಮುಂದೆ ಬ್ರೇಕ್ ಈವನ್. ಲಾಭವೂ ಇಲ್ಲ, ನಷ್ಟವೂ ಇಲ್ಲ ಅನ್ನುವ ಜಾಗ. ಕೆಲವು ಸಿಲಬಸ್‌ಗಳಲ್ಲಿ ಇದು ಮುಂದಿನ ವರ್ಷಕ್ಕೆ ಬರುತ್ತದೆ, ಆದರೂ ಈಗಲೇ ಮಾಡಿ. ಕೆಳಗಿನ ಅಂಕಿಗಳು ಉದಾಹರಣೆಗೆ ಹಾಕಿದವು, ನಿಮ್ಮ ಅಂಗಡಿಯದ್ದು ನೀವು ಹಾಕಿಕೊಳ್ಳಿ.

ಒಂದು ಟೀ ಮಾರಲಿ, ಸಾವಿರ ಮಾರಲಿ, ತಿಂಗಳಿಗೆ ಕೊಡಲೇಬೇಕಾದ ಖರ್ಚು ಮೊದಲು: ಬಾಡಿಗೆ 15,000, ಇಬ್ಬರ ಸಂಬಳ 30,000, ಕರೆಂಟು-ನೀರು 3,000, ಸಾಲದ ಬಡ್ಡಿ 2,000. ಒಟ್ಟು 50,000. ಇದು ಸ್ಥಿರ ವೆಚ್ಚ, 'ಫಿಕ್ಸೆಡ್ ಕಾಸ್ಟ್'. ಇನ್ನು ಒಂದೊಂದು ಟೀಗೆ ಆಗುವ ಖರ್ಚು: ಹಾಲು 4, ಟೀಪುಡಿ-ಸಕ್ಕರೆ 2, ಗ್ಯಾಸ್ 1, ಕಾಗದದ ಲೋಟ 1. ಒಟ್ಟು 8 ರೂಪಾಯಿ. ಇದು ಬದಲಾಗುವ ವೆಚ್ಚ, 'ವೇರಿಯಬಲ್ ಕಾಸ್ಟ್'. ಮಾರುವುದು 15ಕ್ಕೆ. ಒಂದು ಟೀಯಲ್ಲಿ ಉಳಿಯುವುದು 7. ಇದಕ್ಕೆ 'ಕಾಂಟ್ರಿಬ್ಯೂಷನ್' ಅನ್ನುತ್ತಾರೆ.

ಈ 7 ಲಾಭ ಅಲ್ಲ! ಮೊದಲು ಬಾಡಿಗೆ, ಸಂಬಳ ತೀರಬೇಕು. 50,000 ಭಾಗಿಸು 7, ಅಂದರೆ 7,143 ಟೀ. ತಿಂಗಳಿಗೆ 26 ದಿನ ಅಂಗಡಿ ತೆಗೆದರೆ ದಿನಕ್ಕೆ 275. ಇನ್ನೂರ ಎಪ್ಪತ್ತಾರನೇ ಟೀಯಿಂದ ಲಾಭ ಶುರು. ಪಾಪ, ಓನರ್ ಬೆಳಿಗ್ಗೆ ಐದಕ್ಕೆ ಎದ್ದು ಬಂದಿದ್ದಕ್ಕೆ ಇಲ್ಲಿಯವರೆಗೆ ಒಂದು ರೂಪಾಯಿಯೂ ಸೇರಿಲ್ಲ ನೋಡಿ. ಬೇರೆ ಕಡೆ ಕೆಲಸಕ್ಕೆ ಹೋಗಿದ್ದರೆ ಅವರಿಗೆ 20,000 ಸಿಗುತ್ತಿತ್ತು ಅಂದುಕೊಳ್ಳಿ. ಅದನ್ನೂ ಸೇರಿಸಿದರೆ 70,000 ಭಾಗಿಸು 7, ಸರಿಯಾಗಿ 10,000 ಟೀ, ದಿನಕ್ಕೆ 385. ಕೈಬಿಟ್ಟ ಆ 20,000ಕ್ಕೆ ಎಕನಾಮಿಕ್ಸ್‌ನಲ್ಲಿ 'ಆಪರ್ಚುನಿಟಿ ಕಾಸ್ಟ್' ಅಂತ ಹೆಸರು.

ಬೆಲೆ 17 ಮಾಡಿದರೆ? ಉಳಿಯುವುದು 9, ಓನರ್ ದುಡಿಮೆ ಬಿಟ್ಟು ಲೆಕ್ಕ ಹಾಕಿದರೆ ದಿನಕ್ಕೆ 214 ಸಾಕು. ಆದರೆ ಎದುರುಗಡೆ ಅಂಗಡಿಯಲ್ಲಿ ಇನ್ನೂ 15 ಇದ್ದರೆ ಎಷ್ಟು ಜನ ರಸ್ತೆ ದಾಟುತ್ತಾರೆ? ಇದಕ್ಕೆ ಸೂತ್ರ ಉತ್ತರ ಕೊಡುವುದಿಲ್ಲ, ಓನರ್ ಕೊಡುತ್ತಾರೆ.

ಎರಡು ಎಚ್ಚರಿಕೆ. ವ್ಯಾಪಾರ ಅಂದರೆ ಲಾಭ ಅಲ್ಲ, 'ಟರ್ನೋವರ್' ಅಂದರೆ ಬರೀ ಮಾರಿದ್ದರ ಮೊತ್ತ. ಲಾಭ ಅಂದರೆ ನಗದೂ ಅಲ್ಲ. ಹಾಸ್ಟೆಲ್ ಹುಡುಗರು ಉದ್ರಿ ಪುಸ್ತಕದಲ್ಲಿ ಎಂಟು ಸಾವಿರ ಬರೆಸಿದ್ದರೆ ಲೆಕ್ಕದಲ್ಲಿ ಲಾಭ ಇದೆ, ಹಾಲಿನವರಿಗೆ ಕೊಡಲು ಗಲ್ಲಾದಲ್ಲಿ ಇಲ್ಲ. "ಇಂದು ನಗದು, ನಾಳೆ ಉದ್ರಿ" ಅಂತ ಬೋರ್ಡ್ ಹಾಕುವುದು ಸುಮ್ನೆ ಅಲ್ಲ.

7. ಮಾರ್ಕೆಟಿಂಗ್ ಮತ್ತು ಸ್ವಾಟ್

ನಾಲ್ಕು ಪಿ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಸುಲಭ: ಪ್ರಾಡಕ್ಟ್, ಪ್ರೈಸ್, ಪ್ಲೇಸ್, ಪ್ರಮೋಷನ್. ಏನು, ಎಷ್ಟಕ್ಕೆ, ಎಲ್ಲಿ, ಹೇಗೆ ಗೊತ್ತು ಮಾಡಿಸುವುದು. ಬಲ, ದೌರ್ಬಲ್ಯ, ಅವಕಾಶ, ಅಪಾಯ ಪಟ್ಟಿ ಮಾಡುವ ಸ್ವಾಟ್‌ನಲ್ಲಿ ಮಾತ್ರ ಜನ ಕಲಸುತ್ತಾರೆ. ಬಲ ಮತ್ತು ದೌರ್ಬಲ್ಯ ಅಂಗಡಿಯ ಒಳಗಿನವು, ಅವಕಾಶ ಮತ್ತು ಅಪಾಯ ಹೊರಗಿನವು. 'ಪಕ್ಕದಲ್ಲಿ ಹೊಸ ಬೇಕರಿ ಬರುತ್ತಿದೆ' ಅನ್ನುವುದು ದೌರ್ಬಲ್ಯ ಅಲ್ಲ, ಅಪಾಯ. 'ಕೂರಲು ಜಾಗ ಇಲ್ಲ' ಅನ್ನುವುದು ಅಪಾಯ ಅಲ್ಲ, ದೌರ್ಬಲ್ಯ. ಓನರ್ ಮನಸ್ಸು ಮಾಡಿದರೆ ಬದಲಾಯಿಸಬಹುದಾ? ಹೌದು ಅಂದರೆ ಬಹುಮಟ್ಟಿಗೆ ಅದು ಒಳಗಿನದ್ದು.

8. ಉತ್ತರ ಬರೆಯುವಾಗ

ಕನ್ನಡದಲ್ಲಿ ಬರೆಯಬಹುದಾ ಅಂತ ತುಂಬ ಜನ ಕೇಳುತ್ತಾರೆ. ವಿಶ್ವವಿದ್ಯಾಲಯಕ್ಕೆ ಒಂದೊಂದು ನಿಯಮ, ಕೋರ್ಸಿಗೆ ಒಂದೊಂದು. ಪರೀಕ್ಷೆ ಅರ್ಜಿ ತುಂಬುವ ಮೊದಲೇ ಕಾಲೇಜ್ ಆಫೀಸಿನಲ್ಲಿ ಕೇಳಿ, ಗೆಳೆಯರ ಮಾತು ನಂಬಬೇಡಿ. ಇಂಗ್ಲಿಷಿನಲ್ಲೇ ಬರೆಯಬೇಕಾದರೆ ಹೆದರಬೇಡಿ, ಉದ್ದ ವಾಕ್ಯ ಬೇಡ. ಮೊದಲ ಸಾಲಿನಲ್ಲಿ ಅರ್ಥ, ಆಮೇಲೆ ಅಂಶಗಳು, ಒಂದೊಂದು ಅಂಶಕ್ಕೆ ಎರಡು ಸಾಲು, ಕೊನೆಗೆ ನಿಮ್ಮ ಅಂಗಡಿಯ ಉದಾಹರಣೆ. ನೋಟ್‌ಬುಕ್‌ನ ಮೂರನೇ ಕಾಲಂ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದೇ ಗೈಡಿನ ಒಂದೇ ಉದಾಹರಣೆಯನ್ನು ನೂರು ಪೇಪರ್‌ನಲ್ಲಿ ಓದಿ ಬೇಸತ್ತ ಮೌಲ್ಯಮಾಪಕರಿಗೆ ಹಾಲು ಉಕ್ಕಿದ ಕಥೆ ಸಿಕ್ಕರೆ ಪೆನ್ನು ಸ್ವಲ್ಪ ಧಾರಾಳವಾಗುತ್ತದೆ, ನನ್ನ ಅಂದಾಜು. ಎರಡು ಅಂಕದ ಪ್ರಶ್ನೆಗೆ ಮಾತ್ರ ಕಥೆ ಬೇಡ. ಮೂರು ಸಾಲು ಬರೆದು ಮುಂದಕ್ಕೆ ಹೋಗಿ.

9. ಲೆಕ್ಕ ವಾಪಸ್ ತೋರಿಸಿ

ಸೆಮಿಸ್ಟರ್ ಮುಗಿಯುವ ಮೊದಲು ಬ್ರೇಕ್ ಈವನ್ ಪುಟ ತೆಗೆದುಕೊಂಡು ಓನರ್ ಹತ್ತಿರ ಹೋಗಿ, ಅದೇ ಮಧ್ಯಾಹ್ನದ ಬಿಡುವಿನಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಮುಖ ಪರಿಚಯವಾಗಿರುತ್ತದೆ. ಅವರು ಖಂಡಿತ ತಿದ್ದುತ್ತಾರೆ. ಸಂಜೆ ಉಳಿದು ಒಡೆದುಹೋದ ಹಾಲು ಹಾಕಿಲ್ಲ, ಒಡೆದ ಗಾಜಿನ ಲೋಟ ಹಾಕಿಲ್ಲ, ಬೈ-ಟೂ ಕೇಳಿದವರಿಗೆ ಎರಡನೇ ಲೋಟದ ಖರ್ಚು ಹಾಕಿಲ್ಲ ಅನ್ನುತ್ತಾರೆ. ಸಿಟ್ಟಾಗಬೇಡಿ, ಪೆನ್ಸಿಲ್ ತೆಗೆದು ಬರೆದುಕೊಳ್ಳಿ. 8 ರೂಪಾಯಿ 9 ಆದರೆ ದಿನದ 275 ಟೀ ಎಷ್ಟಕ್ಕೆ ಏರುತ್ತದೆ ಅಂತ ಅಲ್ಲೇ ಬೆಂಚಿನ ಮೇಲೆ ಕೂತು ಹಾಕಿ ನೋಡಿ. 321 ಬರಬೇಕು.